ಸೇನಾ ವಿಮಾನದಲ್ಲಿ ಕೊನೆಯ ಮಾತು ಯಾರದ್ದು? ನಿವೃತ್ತ ವಿಂಗ್ ಕಮಾಂಡರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ವಾಯುಪಡೆಯಲ್ಲಿ ಸಾಗಣೆ ವಿಮಾನಗಳ ಪೈಲಟ್ ಆಗಿದ್ದು, ನಂತರ ಹಾರಾಟ ಸುರಕ್ಷತೆಯ ಕೆಲಸ ನೋಡಿಕೊಂಡು ನಿವೃತ್ತರಾದ ಮೇಡಂ ಒಬ್ಬರು ಇವತ್ತು ನಮ್ಮ ಜೊತೆ ಇದ್ದಾರೆ. ಹೆಸರು ಬೇಡ ಅಂದಿದ್ದಾರೆ. 'ವಿಂಕೊ ಮೇಡಂ' ಅಂತ ಕರೆಯೋಣ. ಸೇನಾ ವಿಮಾನದಲ್ಲಿ ಅಧಿಕಾರ ಯಾರದ್ದು, ಸುರಕ್ಷತೆಯ ತೀರ್ಮಾನ ಯಾರು ತಗೋತಾರೆ, ಇಷ್ಟೇ ವಿಷಯ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಗಾಳಿಪಟ: ನಮಸ್ಕಾರ ಮೇಡಂ. ನೇರವಾಗಿ ಕೇಳ್ತೀನಿ. ಹಿಂದೆ ಜನರಲ್ ಕೂತಿದ್ದಾರೆ. ಪೈಲಟ್ ಬರೀ ಫ್ಲೈಟ್ ಲೆಫ್ಟಿನೆಂಟ್. ಹವಾಮಾನ ಚೆನ್ನಾಗಿಲ್ಲ. 'ಇಳಿಸು' ಅಂತ ಜನರಲ್ ಅಂದರೆ?

ವಿಂಕೊ ಮೇಡಂ: ನಮಸ್ಕಾರ. ಈ ಹಾರಾಟಕ್ಕೆ ಕ್ಯಾಪ್ಟನ್, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್, ಯಾರು ಅಂತ ಹೊರಡುವ ಮೊದಲೇ ಬರೆದು ಸಹಿ ಹಾಕಿರುತ್ತಾರೆ. ಆಮೇಲೆ ಒಳಗೆ ಯಾವ ರ‍್ಯಾಂಕಿನವರು ಕೂತಿದ್ದರೂ ಇಳಿಸುವುದು, ವಾಪಸ್ ತಿರುಗಿಸುವುದು, ಬೇರೆ ನಿಲ್ದಾಣಕ್ಕೆ ಹೋಗುವುದು ಎಲ್ಲ ಕ್ಯಾಪ್ಟನ್‌ಗೆ ಸೇರಿದ್ದು. ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು ಅಂತ ಜನರಲ್ ಹೇಳಬಹುದು. ಈಗ ಈ ರನ್‌ವೇಗೆ ಇಳಿಸಬಹುದಾ ಅನ್ನುವುದು ಅವರ ಪ್ರಶ್ನೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಬಾಂಬರ್‌ಗಳಲ್ಲಿ ಸಾರ್ಜೆಂಟ್ ಒಬ್ಬ ಕ್ಯಾಪ್ಟನ್ ಆಗಿದ್ದು, ಅವನಿಗೆ ದಾರಿ ಹೇಳುವ ನ್ಯಾವಿಗೇಟರ್ ಆಫೀಸರ್ ಆಗಿರುವುದು ಮಾಮೂಲಾಗಿತ್ತು. ನೆಲದ ಮೇಲೆ ಆ ಸಾರ್ಜೆಂಟೇ ಸೆಲ್ಯೂಟ್ ಹೊಡೆಯಬೇಕು. ಮೇಲೆ ಹೋದರೆ ಅವನ ಮಾತೇ ಮಾತು.

ಪ್ರಶ್ನಾರ್ಥಕ: ಇದು ಅಂತರರಾಷ್ಟ್ರೀಯ ಕಾನೂನಾ ಸರ್?

ವಿಂಕೊ ಮೇಡಂ: ಮೇಡಂ. ನಾಗರಿಕ ವಿಮಾನಗಳಿಗೆ ಹೌದು. 1944ರ ಶಿಕಾಗೊ ಒಪ್ಪಂದದ 3ನೇ ವಿಧಿ ಸೇನೆ, ಕಸ್ಟಮ್ಸ್, ಪೊಲೀಸ್ ವಿಮಾನಗಳನ್ನು ಹೊರಗಿಟ್ಟಿದೆ. ಅದಕ್ಕೇ ಒಂದೊಂದು ದೇಶದ ಸೇನೆ ತನ್ನ ನಿಯಮ ತಾನೇ ಬರೆದುಕೊಳ್ಳುತ್ತದೆ. ಈ ವಿಷಯದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಒಂದೇ ಥರ ಬರೆದುಕೊಂಡಿದ್ದಾರೆ.

ಹಳೇ ಫೌಜಿ: ಮೇಡಂ, ಗೌರವದಿಂದಲೇ ಹೇಳ್ತೀನಿ. ನಾನು ಕಾಲ್ದಳದಲ್ಲಿದ್ದವನು. ಸೇನೆಯಲ್ಲಿ ಆದೇಶ ಅಂದ್ರೆ ಆದೇಶ. ಸಣ್ಣ ಆಫೀಸರ್ ಜನರಲ್‌ಗೆ 'ಆಗಲ್ಲ' ಅಂದ ಅಂತ ಪುಸ್ತಕದಲ್ಲಿ ಓದಬಹುದು ಅಷ್ಟೇ.

ಮುಗಿಲುನೋಟ: ನಿಜವಾಗಿ ಆಗಿದ್ದಕ್ಕೆ ಒಂದು ಉದಾಹರಣೆ ಕೊಡಿ ಮೇಡಂ. ದೊಡ್ಡವರು ಕೂತಿದ್ದು, ಪೈಲಟ್ ಒಲ್ಲೆ ಅಂದಿದ್ದು.

ವಿಂಕೊ ಮೇಡಂ: ಇಬ್ಬರಿಗೂ ಸೇರಿಸಿ ಉತ್ತರ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ. 2008ರ ಆಗಸ್ಟ್, ಜಾರ್ಜಿಯಾದಲ್ಲಿ ಯುದ್ಧ ನಡೀತಿದೆ. ಪೋಲೆಂಡ್ ಅಧ್ಯಕ್ಷ ಲೆಖ್ ಕಚಿನ್ಸ್ಕಿ ಬೇರೆ ದೇಶಗಳ ನಾಯಕರನ್ನೂ ಕರೆದುಕೊಂಡು ವಾಯುಪಡೆಯ ಟುಪೊಲೆವ್ 154ರಲ್ಲಿ ಹೊರಟಿದ್ದಾರೆ. ಅಜರ್‌ಬೈಜಾನ್‌ನ ಗಂಜಾದಲ್ಲಿ ಇಳಿಯುವುದು ಅಂತ ತೀರ್ಮಾನ ಆಗಿತ್ತು. ದಾರಿಯಲ್ಲಿ ಅಧ್ಯಕ್ಷರಿಗೆ ನೇರ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೇ ಹೋಗಬೇಕು ಅನ್ನಿಸಿತು. ಕ್ಯಾಪ್ಟನ್ ಆಗಲ್ಲ ಅಂದ. ಯುದ್ಧ ನಡೆಯುವ ಆಕಾಶ, ಭರವಸೆಯ ಮಾಹಿತಿ ಇಲ್ಲ. ಗಂಜಾದಲ್ಲೇ ಇಳಿಸಿದ. ಅಷ್ಟೂ ಗಣ್ಯರು ಅಲ್ಲಿಂದ ಕಾರಿನಲ್ಲಿ ಟಿಬಿಲಿಸಿಗೆ ಹೋದರು.

ಆಮೇಲೆ ಆಗಿದ್ದನ್ನು ಗಮನಿಸಿ. ಆಫೀಸರ್ ಆದವನು ಅಂಜುಬುರುಕ ಆಗಿರಬಾರದು ಅನ್ನುವ ಅರ್ಥದ ಮಾತು ಅಧ್ಯಕ್ಷರ ಬಾಯಿಂದಲೇ ಬಹಿರಂಗವಾಗಿ ಬಂತು. ಒಬ್ಬ ಸಂಸದರು ಪ್ರಾಸಿಕ್ಯೂಟರ್‌ಗೆ ದೂರು ಕೊಟ್ಟರು. ಆ ದೂರು ತಳ್ಳಿಹೋಯಿತು. ರಕ್ಷಣಾ ಸಚಿವರು ಆ ಪೈಲಟ್‌ಗೆ ಪದಕ ಕೊಟ್ಟರು. ಅಂದರೆ ಕಾಗದದ ಮೇಲೆ ಅವನೇ ಗೆದ್ದ. ಆದರೆ ಆ ದಳದಲ್ಲಿದ್ದ ಪ್ರತಿಯೊಬ್ಬ ಪೈಲಟ್ ಅದನ್ನೆಲ್ಲ ನೋಡುತ್ತಿದ್ದ. ಆ ಹಾರಾಟದ ಕೋಪೈಲಟ್ ಅಂತೂ ಪಕ್ಕದ ಸೀಟಿನಲ್ಲೇ ಇದ್ದ.

2010ರ ಏಪ್ರಿಲ್ 10. ಅದೇ ಅಧ್ಯಕ್ಷರು, ಅದೇ ಮಾದರಿಯ ವಿಮಾನ, ರಷ್ಯಾದ ಸ್ಮೊಲೆನ್ಸ್ಕ್. ಈ ಸಲ ಕ್ಯಾಪ್ಟನ್ ಸೀಟಿನಲ್ಲಿ ಇದ್ದದ್ದು ಅವತ್ತಿನ ಆ ಕೋಪೈಲಟ್. ದಟ್ಟ ಮಂಜು. ಇಳಿಯಲು ಕನಿಷ್ಠ 1000 ಮೀಟರ್ ಕಾಣಬೇಕಿತ್ತು, ಅದರ ಅರ್ಧವೂ ಕಾಣುತ್ತಿರಲಿಲ್ಲ. ಐಎಲ್ಎಸ್, ಅಂದರೆ ಕಾಣದಿದ್ದಾಗ ರೇಡಿಯೊ ಸಂಕೇತದಿಂದ ಇಳಿಯಲು ದಾರಿ ತೋರುವ ವ್ಯವಸ್ಥೆ, ಇಲ್ಲದ ಹಳೆಯ ಸೇನಾ ನಿಲ್ದಾಣ. ಸ್ವಲ್ಪ ಹೊತ್ತಿನ ಮುಂಚೆ ಒಂದು ರಷ್ಯನ್ ಇಲ್ಯುಶಿನ್ 76 ಸಾಗಣೆ ವಿಮಾನ ಎರಡು ಸಲ ಪ್ರಯತ್ನಿಸಿ ವಾಪಸ್ ಹೋಗಿತ್ತು. ಕಾಕ್‌ಪಿಟ್ ರೆಕಾರ್ಡಿಂಗ್‌ನಲ್ಲಿ 'ಇಳಿಸು' ಅನ್ನುವ ನೇರ ಆದೇಶ ಸಿಗಲಿಲ್ಲ. ಇಳಿಯೋಕೆ ಆಗದೇ ಇರಬಹುದು ಅಂತ ಕ್ಯಾಪ್ಟನ್ ಅಧ್ಯಕ್ಷರ ಪ್ರೋಟೊಕಾಲ್ ಅಧಿಕಾರಿಗೆ ಹೇಳುತ್ತಾನೆ. ಆತ ಹಿಂದೆ ಹೋಗಿ ಬಂದು, ಮುಂದೇನು ಅಂತ ಅಧ್ಯಕ್ಷರು ಇನ್ನೂ ತೀರ್ಮಾನಿಸಿಲ್ಲ ಅನ್ನುತ್ತಾನೆ.

ನನಗೆ ಆ ಮಾತು ಮನಸ್ಸಿಂದ ಹೋಗುವುದೇ ಇಲ್ಲ. ಬೇರೆ ನಿಲ್ದಾಣಕ್ಕೆ ಹೋಗುವ ತೀರ್ಮಾನ ಅಧ್ಯಕ್ಷರದ್ದು ಅಂತ ಆ ಕಾಕ್‌ಪಿಟ್‌ನಲ್ಲಿ ಎಲ್ಲರೂ ಒಪ್ಪಿಕೊಂಡು ಕೂತಿದ್ದಾರೆ. ಯಾರೂ ಕಿತ್ತುಕೊಳ್ಳದೆಯೇ ಅಧಿಕಾರ ಕೈ ಬಿಟ್ಟು ಹೋಗಿದೆ. 100 ಮೀಟರ್ ಎತ್ತರದಲ್ಲಿ ನಿಲ್ಲಿಸಬೇಕಿದ್ದ ಇಳಿತ ಮುಂದುವರಿಯಿತು. ನ್ಯಾವಿಗೇಟರ್ ಓದುತ್ತಿದ್ದದ್ದು ರೇಡಿಯೊ ಆಲ್ಟಿಮೀಟರ್. ಅದು ಕೆಳಗಿನ ನೆಲದಿಂದ ಎಷ್ಟು ಎತ್ತರ ಅಂತ ಹೇಳುತ್ತದೆ. ರನ್‌ವೇ ಮುಂದೆ ನೆಲ ತಗ್ಗಾಗಿತ್ತು, ಹಾಗಾಗಿ ಇದ್ದದ್ದಕ್ಕಿಂತ ಜಾಸ್ತಿ ಎತ್ತರದಲ್ಲಿದ್ದೇವೆ ಅನ್ನಿಸಿತು. 'ಪುಲ್ ಅಪ್' ಅಂತ ಯಂತ್ರ ಕೂಗುತ್ತಲೇ ಇತ್ತು. 96 ಜನ ಸತ್ತರು.

ಫೌಜಿ ಅವರೇ, ನೀವು ಹೇಳೋದು ಪೂರ್ತಿ ಸುಳ್ಳಲ್ಲ. ನಿಯಮ ಇದ್ದರೆ ಸಾಲದು. ಒಲ್ಲೆ ಅಂದವನನ್ನು ಮರುದಿನ ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದರ ಮೇಲೆ ಮುಂದಿನ ಪೈಲಟ್‌ನ ತೀರ್ಮಾನ ನಿಂತಿರುತ್ತದೆ.

ಸತ್ಯಶೋಧಕ: ಸ್ಮೊಲೆನ್ಸ್ಕ್ ಅಪಘಾತ ಅಲ್ಲ. ಬಾಂಬ್ ಇಟ್ಟಿದ್ದು ರಷ್ಯಾ. ಪೋಲೆಂಡಿನವರೇ ಹೇಳಿದ್ದಾರೆ. ಗೂಗಲ್ ಮಾಡಿ.

ಮುಗಿಲುನೋಟ: ಪೋಲೆಂಡಿನ ಒಂದು ರಾಜಕೀಯ ಪಕ್ಷದವರು ಹೇಳಿದ್ದಾರೆ. 2011ರ ಅವರದೇ ಸರ್ಕಾರಿ ತನಿಖಾ ವರದಿ ಹಾಗೆ ಹೇಳಿಲ್ಲ.

ಸತ್ಯಶೋಧಕ: ಸರ್ಕಾರಿ ವರದಿ ನಂಬುವವರ ಜೊತೆ ಏನು ಮಾತು.

ವಿಂಕೊ ಮೇಡಂ: ಸ್ಫೋಟದ ಚರ್ಚೆ ನನ್ನ ಉತ್ತರದ ಕೆಳಗೆ ಬೇಡ. ರಷ್ಯಾ ಕಡೆಯ ವರದಿ ಕಾಕ್‌ಪಿಟ್‌ನಲ್ಲಿ ಪೋಲೆಂಡ್ ವಾಯುಪಡೆ ಮುಖ್ಯಸ್ಥರ ಹಾಜರಿ ಒತ್ತಡ ಆಯಿತು ಅಂದಿತು. ಪೋಲೆಂಡ್ ವರದಿ ನೇರ ಒತ್ತಡ ಕಾಣಲಿಲ್ಲ ಅಂದಿತು. ಮಿತಿಗಿಂತ ಕೆಳಗೆ ಇಳಿದರು ಅನ್ನುವುದರಲ್ಲಿ ಎರಡೂ ಒಂದೇ.

ಬಾನಾಡಿ: ಮೇಡಂ, ಕೂನೂರಿನಲ್ಲೂ ಇದೇ ಆಗಿದ್ದಲ್ವಾ? ಜನರಲ್ ರಾವತ್ ಅವರಿಗೆ ಕಾರ್ಯಕ್ರಮಕ್ಕೆ ಲೇಟ್ ಆಗ್ತಿತ್ತು, ಪೈಲಟ್ ಮೇಲೆ ಒತ್ತಡ ಇತ್ತು ಅಂತ ನಮ್ಮ ಗ್ರೂಪಲ್ಲಿ ಬಂದಿತ್ತು.

ವಿಂಕೊ ಮೇಡಂ: ಯಾವ ಗ್ರೂಪು? ಯಾರು ಬರೆದರು? 2021ರ ಡಿಸೆಂಬರ್ 8ರ ಆ ಎಂಐ-17 ಅಪಘಾತದ ಬಗ್ಗೆ ತನಿಖಾ ನ್ಯಾಯಾಲಯ ಹೇಳಿದ್ದು ಇಷ್ಟು: ಕಣಿವೆಯಲ್ಲಿ ಹವಾಮಾನ ಅನಿರೀಕ್ಷಿತವಾಗಿ ಬದಲಾಯಿತು, ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕುದೆಸೆಯ ಅಂದಾಜು ತಪ್ಪಿತು, ನಿಯಂತ್ರಣದಲ್ಲಿದ್ದ ಹೆಲಿಕಾಪ್ಟರ್ ನೆಲಕ್ಕೆ ಬಡಿಯಿತು. ಯಂತ್ರದೋಷ ಇಲ್ಲ, ವಿಧ್ವಂಸಕ ಕೃತ್ಯ ಇಲ್ಲ. ಒತ್ತಡದ ಮಾತು ಅದರಲ್ಲಿ ಇಲ್ಲ. ಸತ್ತ 14 ಜನರಲ್ಲಿ ಯಾರ ಬಾಯಲ್ಲೂ ಅವರು ಆಡದ ಮಾತು ತುರುಕಬೇಡಿ.

ಬಾನಾಡಿ: ಸುಮ್ನೆ ಕೇಳಿದೆ ಅಷ್ಟೇ.

ಕೆಡೆಟ್ ಕನಸು: ಮೇಡಂ ಕನ್ನಡಕ ಇದ್ದರೆ ಪೈಲಟ್ ಆಗಬಹುದಾ?

ನೀಲಿಬಾನು: ಜನರಲ್ ಮತ್ತು ಪೈಲಟ್ ಇಬ್ಬರಲ್ಲಿ ಯಾರ ಮಾತು ನಡೆಯುತ್ತೆ ಮೇಡಂ?

ವಿಂಕೊ ಮೇಡಂ: ನೀಲಿಬಾನು, ಮೊದಲನೇ ಉತ್ತರ.

ತರ್ಕದವ: ಸರಿ, ಕ್ಯಾಪ್ಟನ್ ಮಾತೇ ಕೊನೆ. ಕ್ಯಾಪ್ಟನ್ನೇ ಹುಚ್ಚಾಟ ಆಡಿದರೆ?

ವಿಂಕೊ ಮೇಡಂ: ಒಳ್ಳೆಯ ಪ್ರಶ್ನೆ. 1994ರ ಜೂನ್ 24, ಅಮೆರಿಕದ ಫೇರ್‌ಚೈಲ್ಡ್ ವಾಯುನೆಲೆ. ವೈಮಾನಿಕ ಪ್ರದರ್ಶನದ ತಾಲೀಮಿನಲ್ಲಿ ಒಂದು ಬಿ-52 ಬಾಂಬರ್ ಕಂಟ್ರೋಲ್ ಟವರ್ ಸುತ್ತ ತೀರಾ ಕೆಳಮಟ್ಟದಲ್ಲಿ ತಿರುಗಿತು. ರೆಕ್ಕೆ ಹೆಚ್ಚುಕಮ್ಮಿ ನೆಟ್ಟಗೆ ನಿಂತಿತು, ವಿಮಾನ ಬಿತ್ತು, ನಾಲ್ವರು ಸತ್ತರು. ಅದರ ಪೈಲಟ್ ವರ್ಷಗಳಿಂದ ಹೀಗೇ ಹಾರಿಸುತ್ತಿದ್ದ. ಅಷ್ಟೇ ಅಲ್ಲ, ಉಳಿದವರು ನಿಯಮದ ಪ್ರಕಾರ ಹಾರಿಸುತ್ತಾರಾ ಅಂತ ಪರೀಕ್ಷೆ ಮಾಡುವ ಹುದ್ದೆಯಲ್ಲಿ ಇದ್ದವನೂ ಅವನೇ! ಅದೇ ವರ್ಷ ಮಾರ್ಚ್‌ನಲ್ಲಿ ಒಂದು ಗುಡ್ಡದ ನೆತ್ತಿಯನ್ನು ಕೂದಲೆಳೆಯಲ್ಲಿ ದಾಟಿಸಿದ್ದ. ಆಗ ಸ್ಕ್ವಾಡ್ರನ್ ಕಮಾಂಡರ್ ಮಾರ್ಕ್ ಮೆಗೀಹನ್ ಮೇಲಿನವರ ಬಳಿ ಹೋಗಿ, ಇವನನ್ನು ಹಾರಾಟದಿಂದ ಇಳಿಸಿ ಅಂತ ಕೇಳಿದ. ಆಗಲಿಲ್ಲ. 'ಸರಿ, ನನ್ನ ಹುಡುಗರು ಯಾರೂ ಇವನ ಜೊತೆ ಹಾರಲ್ಲ, ಹಾರುವುದಿದ್ದರೆ ಪಕ್ಕದ ಸೀಟಿನಲ್ಲಿ ನಾನೇ ಕೂರ್ತೀನಿ' ಅನ್ನುವ ಹಾಗೆ ತೀರ್ಮಾನಿಸಿದ. ಕೊನೆಗೆ ಕೂತಿದ್ದೂ ಅವನೇ. ಇಜೆಕ್ಟ್ ಆಗಲು, ಅಂದರೆ ಸೀಟಿನ ಸಮೇತ ಹೊರಗೆ ಚಿಮ್ಮಲು, ಸಮಯ ಸಾಲಲಿಲ್ಲ. ಅವನ ಕೋರಿಕೆ ತಿರಸ್ಕರಿಸಿದ ಕರ್ನಲ್ ಕೋರ್ಟ್ ಮಾರ್ಷಲ್‌ನಲ್ಲಿ ಕರ್ತವ್ಯಲೋಪ ಒಪ್ಪಿಕೊಂಡರು.

ಮೇಲೆ ಹೋದ ಮೇಲೆ ಅಂಥ ಕ್ಯಾಪ್ಟನ್‌ನ ತಡೆಯೋಕೆ ಸಿಗುವುದು ಸೆಕೆಂಡುಗಳು. ತರಬೇತಿಯಲ್ಲಿ ಹೇಳಿಕೊಡುವುದೇನೋ ಇದೆ: ಎರಡು ಸಲ ಸ್ಪಷ್ಟವಾಗಿ ಎಚ್ಚರಿಸು, ಉತ್ತರ ಬರದಿದ್ದರೆ ಕಂಟ್ರೋಲ್ ತಗೋ. ನೆಲದಿಂದ 250 ಅಡಿ ಮೇಲೆ ಎರಡು ಸಲ ಹೇಳುವಷ್ಟು ಪುರುಸೊತ್ತು ಎಲ್ಲಿದೆ? 2010ರಲ್ಲಿ ಅಲಾಸ್ಕಾದ ಎಲ್ಮೆಂಡಾರ್ಫ್‌ನಲ್ಲಿ ಒಂದು ಸಿ-17 ಸಾಗಣೆ ವಿಮಾನಕ್ಕೂ ಇದೇ ಗತಿ, ಅಲ್ಲೂ ಪ್ರದರ್ಶನದ ತಾಲೀಮು. ಸ್ಟಾಲ್ ಎಚ್ಚರಿಕೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತಿದೆ ಅನ್ನುವ ಎಚ್ಚರಿಕೆ, ಬಡಿಯುತ್ತಿದ್ದರೂ ಪೈಲಟ್ ತಿರುವು ಬಿಡಲಿಲ್ಲ, ಪಕ್ಕದವರು ತಡೆಯಲಿಲ್ಲ. ಆಗಲೂ ನಾಲ್ವರು. ಹುಚ್ಚಾಟ ಆಡುವವನನ್ನು ಸೀಟಿಗೆ ಹತ್ತಿಸಬಾರದು. ಅದು ನೆಲದ ಮೇಲೆ ಇರುವವರ ಕೆಲಸ.

ಹಳೇ ಫೌಜಿ: ಇದನ್ನೇ ನಾನು ಹೇಳಿದ್ದು. ನೆಲದ ಮೇಲಿನ ಕಮಾಂಡರ್ ಗಟ್ಟಿ ಇರಬೇಕು.

ತರ್ಕದವ: ನೀವು ಹೇಳಿದ್ದು 'ಆದೇಶ ಅಂದ್ರೆ ಆದೇಶ' ಅಂತ. ಅದರ ಉಲ್ಟಾ.

ಹಳೇ ಫೌಜಿ: ಸೇವೆ ಮಾಡಿದ್ದೀರಾ ನೀವು? ಇಲ್ಲ ತಾನೆ?

ಆರೋಗ್ಯಭಾಗ್ಯ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ. 'ವಾಯುಪಡೆ ರಹಸ್ಯ: ವಿಮಾನದೊಳಗೆ ಗಾಳಿಯ ಒತ್ತಡ ಇಳಿದರೆ ಉಸಿರು ಒಳಗೆ ಎಳೆದು ಬಿಗಿ ಹಿಡಿಯಿರಿ, 2 ನಿಮಿಷ ಏನೂ ಆಗಲ್ಲ. ಶೀತ ಇದ್ದರೆ ಹಾರುವ ಮೊದಲು ಮಾತ್ರೆ ನುಂಗಿ ಮೂಗಿಗೆ ಸ್ಪ್ರೇ ಹೊಡೆದುಕೊಳ್ಳಿ, ಡಾಕ್ಟರಿಗೂ ಗೊತ್ತಾಗಲ್ಲ.' ಬಂದ ಹಾಗೆ ಕಳಿಸಿದ್ದು.

ವಿಂಕೊ ಮೇಡಂ: ಅಡ್ಮಿನ್, ಇದನ್ನು ಅಳಿಸಿ. ಅಳಿಸುವ ಮೊದಲು ಓದಿದವರಿಗಾಗಿ ಹೇಳ್ತೀನಿ. ಒತ್ತಡ ಸರಕ್ಕನೆ ಇಳಿದಾಗ ಎದೆಯೊಳಗಿನ ಗಾಳಿ ಹಿಗ್ಗುತ್ತದೆ. ಬಾಯಿ ಮೂಗು ಮುಚ್ಚಿ ಹಿಡಿದರೆ ಶ್ವಾಸಕೋಶ ಹರಿಯಬಹುದು. ಉಸಿರು ಬಿಡಬೇಕು, ಮಾಸ್ಕ್ ಹಾಕಬೇಕು. ಮಾಸ್ಕ್ ಇಲ್ಲದೆ 25,000 ಅಡಿಯಲ್ಲಿ ಸರಿಯಾಗಿ ಕೆಲಸ ಮಾಡೋಕೆ ಸಿಗುವುದು 3ರಿಂದ 5 ನಿಮಿಷ. 35,000 ಅಡಿಯಲ್ಲಿ ಅರ್ಧದಿಂದ ಒಂದು ನಿಮಿಷ. ಒತ್ತಡ ಒಮ್ಮೆಲೇ ಹೋಗಿದ್ದರೆ ಅದರ ಅರ್ಧ. ಇನ್ನೊಂದು ವಿಷಯ, ಇದು ಇವತ್ತಿನ ಚರ್ಚೆಗೂ ಸೇರಿದ್ದು. ಆಮ್ಲಜನಕ ಕಮ್ಮಿಯಾದವನಿಗೆ ತಾನು ಚೆನ್ನಾಗೇ ಇದ್ದೇನೆ ಅನ್ನಿಸುತ್ತದೆ. ಕೆಲವರು ನಗುತ್ತಾರೆ. ಅಂಥ ಹೊತ್ತಿನಲ್ಲಿ ಕ್ಯಾಪ್ಟನ್‌ನ 'ನಾನು ಸರಿ ಇದ್ದೀನಿ' ಅನ್ನುವ ಮಾತಿಗೆ ಬೆಲೆ ಇಲ್ಲ. ಅವನ ಉಗುರಿನ ಬಣ್ಣ, ಮಾತಿನ ತೊದಲು ಪಕ್ಕದವರು ನೋಡಬೇಕು.

ಶೀತದ ಮಾತ್ರೆ ಬಗ್ಗೆ: ಎಷ್ಟೋ ಮಾತ್ರೆಗಳಲ್ಲಿ ನಿದ್ದೆ ಬರಿಸುವ ಅಂಶ ಇರುತ್ತದೆ. ಮೂಗು ಕಟ್ಟಿದಾಗ ಕೆಳಗೆ ಇಳಿಯುವ ಹೊತ್ತಿಗೆ ಕಿವಿತಮಟೆ, ಹಣೆಯ ಸೈನಸ್ ಎಲ್ಲ ಪ್ರಾಣ ಹಿಂಡುತ್ತವೆ. ಇಳಿಸಲು ರನ್‌ವೇ ಕಡೆ ಬರುವಾಗ ಪೈಲಟ್ ನೋವಿನಲ್ಲಿ ಕಣ್ಣು ಮುಚ್ಚಿದರೆ ಹಿಂದೆ ಕೂತವರ ಗತಿ ಏನು? ಸೇನೆಯಲ್ಲಿ ಹಾರುವವರು ಡಾಕ್ಟರಿಗೆ ಹೇಳದೆ ಯಾವ ಮಾತ್ರೆಯನ್ನೂ ನುಂಗುವ ಹಾಗಿಲ್ಲ. 'ಇವತ್ತು ನಾನು ಹಾರಲ್ಲ' ಅಂತ ಹೇಳುವುದು ಕೂಡ ಕಮಾಂಡ್ ತೀರ್ಮಾನವೇ.

ಆರೋಗ್ಯಭಾಗ್ಯ: ಬಂದ ಹಾಗೆ ಕಳಿಸಿದ್ದು ಅಂತ ಹಾಕಿದ್ದೆನಲ್ಲ. ಒಳ್ಳೇದು ಮಾಡೋಕೆ ಹೋದ್ರೆ ಬೈಗುಳ.

ವಿಂಕೊ ಮೇಡಂ: ಹಾಗೆ ಬರೆದ ಮಾತ್ರಕ್ಕೆ ಜವಾಬ್ದಾರಿ ಹೋಗಲ್ಲ.

ಪುಟ್ಟನ ಅಕ್ಕ: ಮೇಡಂ, ನನ್ನ ತಮ್ಮ ಸಾಗಣೆ ವಿಮಾನದಲ್ಲಿ ಲೋಡ್‌ಮಾಸ್ಟರ್. ಸರಕು ಹತ್ತಿಸಿ ಕಟ್ಟುವ ಕೆಲಸ. ಅದಕ್ಕೆ ಹೊಸಬ. ಹೋದ ತಿಂಗಳು ಕೊನೇ ಗಳಿಗೆಯಲ್ಲಿ ಒಂದು ಗಾಡಿ ಹತ್ತಿಸಿದರಂತೆ. ಕಾಗದದಲ್ಲಿ ಬರೆದ ತೂಕ ನೋಡಿದರೆ ನಂಬಿಕೆ ಬರಲಿಲ್ಲವಂತೆ. ಗಾಡಿ ಕಟ್ಟಿದ ಚೈನ್ ಇನ್ನೊಮ್ಮೆ ಎಣಿಸ್ತೀನಿ ಅಂದನಂತೆ. 'ಲೇಟ್ ಆಯ್ತು, ಬಾಗಿಲು ಹಾಕು' ಅಂದರಂತೆ ಕ್ಯಾಪ್ಟನ್. ಇವನು ಹಾಕಿದ. ಏನೂ ಆಗಲಿಲ್ಲ, ಸುರಕ್ಷಿತವಾಗಿ ಇಳಿದರು. ಆದರೆ ಅವನಿಗೆ ಸರಿಯಾಗಿ ನಿದ್ದೆ ಇಲ್ಲ. ಮಾತಾಡಿದರೆ ಅಳುಮುಂಜಿ ಅಂತ ಹೆಸರು ಬರುತ್ತೆ ಅಂತಾನೆ. ಏನು ಹೇಳಲಿ ಅವನಿಗೆ?

ವಿಂಕೊ ಮೇಡಂ: ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಇದು. ಅದರಲ್ಲೂ 'ಏನೂ ಆಗಲಿಲ್ಲ' ಅನ್ನುವ ಮಾತು. ಏನೂ ಆಗಲಿಲ್ಲ ಅಂದರೆ ಆ ಕ್ಯಾಪ್ಟನ್ ಮುಂದಿನ ಸಲವೂ ಹಾಗೇ ಮಾಡುತ್ತಾರೆ. ನಿಮ್ಮ ತಮ್ಮನೂ ಬಾಗಿಲು ಹಾಕುತ್ತಾನೆ, ಈ ಸಲ ಕೇಳದೆಯೇ.

ಕೊನೆಯ ಮಾತು ಕ್ಯಾಪ್ಟನ್‌ದು ಅಂದೆ. ಅದರ ಅರ್ಥ ಉಳಿದವರ ಸಹಿಯೂ ಅವರದ್ದೇ ಅಂತ ಅಲ್ಲ. ವಿಮಾನದ ದುರಸ್ತಿ ಪುಸ್ತಕಕ್ಕೆ ಎಂಜಿನಿಯರ್ ಸಹಿ ಹಾಕದೆ ಕ್ಯಾಪ್ಟನ್ ವಿಮಾನ ತಗೊಂಡು ಹೋಗುವ ಹಾಗಿಲ್ಲ, ಹಾಕು ಅಂತ ಬಲವಂತ ಮಾಡುವ ಹಾಗೂ ಇಲ್ಲ. ಸರಕನ್ನು ಸರಿಯಾಗಿ ಕಟ್ಟಿದೆ ಅಂತ ಹೇಳಬೇಕಾದವನು ಲೋಡ್‌ಮಾಸ್ಟರ್. ಅವನು ಹೇಳದಿದ್ದರೆ ಹೊರಡಬಾರದು. ಈ ಪದ್ಧತಿಯಲ್ಲಿ 'ಆಗಲ್ಲ' ಅನ್ನುವವರು ಬಹಳ ಜನ ಇರಬೇಕು, 'ಹೊರಡೋಣ' ಅನ್ನುವವನು ಒಬ್ಬನೇ.

ಚೈನ್ ಎಣಿಸುವುದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ ಬಾಗ್ರಾಮ್ ನೆನಪಿಸಿ. 2013ರ ಏಪ್ರಿಲ್ 29, ಅಫ್ಘಾನಿಸ್ತಾನ. ವಿಮಾನ ಖಾಸಗಿಯವರ ಬೋಯಿಂಗ್ 747, ಸರಕು ಸೇನೆಯ ಐದು ಕವಚದ ಗಾಡಿಗಳು. ಕೆಲವು 12 ಟನ್, ಕೆಲವು 18 ಟನ್. ಕಟ್ಟಿದ ಪಟ್ಟಿಗಳು ಸಾಲಲಿಲ್ಲ. ಟೇಕಾಫ್ ಆದ ಕೂಡಲೇ ಗಾಡಿ ಹಿಂದಕ್ಕೆ ಜಾರಿ ಹೈಡ್ರಾಲಿಕ್ ಪೈಪುಗಳನ್ನೂ ಬಾಲದ ರೆಕ್ಕೆ ತಿರುಗಿಸುವ ಯಂತ್ರವನ್ನೂ ಮುರಿಯಿತು. ಮೂಗು ಮೇಲೆದ್ದು ವಿಮಾನ ನಿಂತಂತಾಗಿ ಬಿತ್ತು. ಏಳೂ ಜನ ಹೋದರು. ಆಮೇಲೆ ಪೈಲಟ್ ಎಷ್ಟು ಜಾಣ ಆಗಿದ್ದರೂ ಉಪಯೋಗ ಇರಲಿಲ್ಲ.

ಅಮೆರಿಕದ ಸೇನಾ ಲೆಕ್ಕದಲ್ಲಿ ಸರಕು ಮುಂದಕ್ಕೆ ಅದರ ತೂಕದ 3 ಪಟ್ಟು, ಹಿಂದಕ್ಕೆ ಒಂದೂವರೆ ಪಟ್ಟು ಬಲ ತಡೆಯುವ ಹಾಗೆ ಕಟ್ಟಬೇಕು. ಚೈನ್ ಮೇಲೆ ಬರೆದ ಬಲ ಅದು ನೇರಕ್ಕೆ ಎಳೆದಾಗ ಮಾತ್ರ. ಓರೆಯಾಗಿ ಕಟ್ಟಿದರೆ ಆ ದಿಕ್ಕಿಗೆ ಸಿಗುವ ಬಲ ಕಮ್ಮಿ. ಗಾಡಿಯ ತೂಕ ತಪ್ಪಿದರೆ ಎಲ್ಲ ಲೆಕ್ಕವೂ ತಪ್ಪು. ನಿಮ್ಮ ತಮ್ಮನಿಗೆ ಅನುಮಾನ ಬಂದದ್ದು ಸರಿಯಾದ ಜಾಗದಲ್ಲೇ.

ಮಾತಾಡುವ ರೀತಿ ಹೇಳಿಕೊಡಿ. 'ಸರ್, ಇನ್ನೊಮ್ಮೆ ನೋಡ್ಲಾ?' ಅಂತ ಕೇಳಿದರೆ 'ಬೇಡ' ಅಂತ ಉತ್ತರ ಬರುತ್ತದೆ, ಮುಗೀತು. ಹೀಗೆ ಹೇಳಲಿ: 'ಕ್ಯಾಪ್ಟನ್, ಕೊನೇ ಗಾಡಿಯ ತೂಕ ಕಾಗದಕ್ಕೆ ತಾಳೆ ಆಗ್ತಿಲ್ಲ. ಲೋಡ್ ಸರಿ ಇದೆ ಅಂತ ನಾನು ಹೇಳೋಕೆ ಆಗಲ್ಲ. ಹತ್ತು ನಿಮಿಷ ಬೇಕು.' ಇಂಟರ್‌ಕಾಮ್‌ನಲ್ಲೇ ಹೇಳಲಿ. ಕೋಪೈಲಟ್‌ಗೂ ಕೇಳಿಸುತ್ತದೆ, ರೆಕಾರ್ಡಿಂಗ್‌ನಲ್ಲೂ ಉಳಿಯುತ್ತದೆ. ಕ್ಯಾಪ್ಟನ್ ಬೈಯಬಹುದು. ಬೈಸಿಕೊಳ್ಳಲಿ.

ಹಳೇ ಫೌಜಿ: ಇದು ಅತಿ ಆಯ್ತು. ಮೊನ್ನೆ ಸೇರಿದ ಹುಡುಗ ಕ್ಯಾಪ್ಟನ್‌ಗೆ 'ಆಗಲ್ಲ' ಅನ್ನೋದಾ? ಹೀಗೆ ಎಲ್ಲರೂ ಶುರು ಮಾಡಿದರೆ ಯುದ್ಧದಲ್ಲಿ ವಿಮಾನ ಏಳೋದೇ ಇಲ್ಲ. ಮುಂಚೂಣಿಯಲ್ಲಿ ಮದ್ದುಗುಂಡು ಕಾಯ್ತಾ ಕೂತವರ ಕಥೆ ಏನು?

ಮುಗಿಲುನೋಟ: ಬಿದ್ದ ವಿಮಾನದಿಂದ ಯಾವ ಮದ್ದುಗುಂಡು ತಲುಪುತ್ತೆ ಸ್ವಾಮಿ?

ಹಳೇ ಫೌಜಿ: ನಿಮ್ಮಂಥವರು ಕೀಬೋರ್ಡ್ ಮುಂದೆ ಕೂತು ಮಾತಾಡ್ತೀರಿ.

ಮುಗಿಲುನೋಟ: ನೀವೇನು ಕಂದಕದಲ್ಲಿ ಕೂತು ಟೈಪ್ ಮಾಡ್ತಿದ್ದೀರಾ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ವಿಂಕೊ ಮೇಡಂ: ಯುದ್ಧದ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ, ಅದು ನ್ಯಾಯವಾದ ಪ್ರಶ್ನೆ. ಯುದ್ಧದಲ್ಲಿ ಮಿತಿಗಳು ಸಡಿಲ ಆಗುತ್ತವೆ. ಸಡಿಲಿಸುವವರು ಯಾರು ಅನ್ನುವುದು ಮುಖ್ಯ. ಕಮಾಂಡರ್ ಲಿಖಿತವಾಗಿ 'ಈ ಅಪಾಯ ನನಗೆ ಗೊತ್ತು, ಹೋಗಿ' ಅಂದರೆ ಅದು ಆದೇಶ, ಸಿಬ್ಬಂದಿ ಹೋಗುತ್ತಾರೆ. ಲೋಡ್‌ಮಾಸ್ಟರ್ ಬಾಯಿ ಮುಚ್ಚಿಕೊಂಡಿದ್ದಕ್ಕೆ ಯಾರಿಗೂ ಗೊತ್ತೇ ಆಗದ ಅಪಾಯವನ್ನು ಯಾರೂ ಒಪ್ಪಿಕೊಂಡಿರುವುದಿಲ್ಲ. ಮತ್ತೆ, ಅಕ್ಕ ಹೇಳಿದ ಹಾರಾಟದಲ್ಲಿ ಯುದ್ಧ ಇರಲಿಲ್ಲ. ಲೇಟ್ ಆಗಿತ್ತು ಅಷ್ಟೇ.

ರೆಕ್ಕೆ: ಇಬ್ಬರು ಕೂರುವ ಫೈಟರ್‌ನಲ್ಲಿ ಇಜೆಕ್ಟ್ ಮಾಡುವ ತೀರ್ಮಾನ ಯಾರದ್ದು? ಹಿಂದಿನವರು ಎಳೆದರೆ ಮುಂದಿನವರೂ ಹೋಗ್ತಾರಾ?

ಕೆಡೆಟ್ ಕನಸು: ಕನ್ನಡಕದ್ದು ಹೇಳಲೇ ಇಲ್ಲ ಮೇಡಂ.

ಚುಕ್ಕಿ: ಮೇಡಂ ಒಂದೇ ಡೌಟು, ಪ್ರಧಾನಿ ವಿಮಾನದಲ್ಲಿ ಪ್ರಧಾನಿ ಹೇಳಿದರೆ ಪೈಲಟ್ ಕೇಳಲೇಬೇಕಲ್ವಾ?

ವಿಂಕೊ ಮೇಡಂ: ಚುಕ್ಕಿ, ಇಲ್ಲ. ಮೇಲೆ ಒಬ್ಬ ಅಧ್ಯಕ್ಷರ ಕಥೆ ಅಷ್ಟುದ್ದ ಬರೆದಿದ್ದೀನಿ, ಓದಿ.

ಸತ್ಯಶೋಧಕ: ಆ ಕಥೆಯೇ ಸುಳ್ಳು ಅಂತ ನಾನು ಹೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಭಯ ಯಾಕೆ?

ತರ್ಕದವ: ಅಡ್ಮಿನ್, ಇವರನ್ನು ತೆಗೀರಿ ಪ್ಲೀಸ್.

ಸತ್ಯಶೋಧಕ: ತೆಗೀರಿ. ಇನ್ನೊಂದು ಗ್ರೂಪ್ ಇದೆ ನನಗೆ.

ಪುಟ್ಟನ ಅಕ್ಕ: ಮೇಡಂ, ಅವನಿಗೆ ಫೋನ್ ಮಾಡಿದ್ದೆ. ಈಗ ಹೋಗಿ ಯಾರಿಗೆ ಹೇಳಲಿ, ತಿಂಗಳಾಯ್ತು ಅಂತಾನೆ.

ವಿಂಕೊ ಮೇಡಂ: ತಿಂಗಳಾದರೂ ಪರವಾಗಿಲ್ಲ. ಪ್ರತಿ ನೆಲೆಯಲ್ಲೂ ಹಾರಾಟ ಸುರಕ್ಷತೆಯ ಅಧಿಕಾರಿ ಇರುತ್ತಾರೆ. ಅವರ ಬಳಿ ಹೋಗಿ ಬರವಣಿಗೆಯಲ್ಲಿ ಕೊಡಲಿ. ಕ್ಯಾಪ್ಟನ್ ಕೆಟ್ಟವರು ಅಂತ ಬರೆಯುವುದು ಬೇಡ. ಕೊನೇ ಗಳಿಗೆಯಲ್ಲಿ ಗಾಡಿ ಬಂತು, ತೂಕದ ಕಾಗದ ಹೀಗಿತ್ತು, ಚೈನ್ ಮತ್ತೆ ಎಣಿಸಲು ಸಮಯ ಸಿಗಲಿಲ್ಲ, ಇಷ್ಟೇ ಬರೆಯಲಿ. ಆ ಗಾಡಿಯ ನಿಜವಾದ ತೂಕ ಎಷ್ಟು ಅಂತ ಯಾರಾದರೂ ತೂಗಿ ನೋಡಬೇಕು. ಅದೇ ಗಾಡಿ ನಾಳೆ ಇನ್ನೊಂದು ವಿಮಾನ ಹತ್ತಬಹುದು, ಅದೇ ಸುಳ್ಳು ಕಾಗದದ ಜೊತೆ. ಅದು ನನಗೆ ಕ್ಯಾಪ್ಟನ್ ಬೈಗುಳಕ್ಕಿಂತ ದೊಡ್ಡ ಚಿಂತೆ.

ನಿದ್ದೆಯ ವಿಷಯ ದಳದ ಡಾಕ್ಟರಿಗೆ ಹೇಳಲಿ. ನಿದ್ದೆಗೆಟ್ಟು ಹಾರಬಾರದು. ಇಲ್ಲಿ ಯಾರಾದರೂ ಈಗ ನಿದ್ದೆಗೆ ಮದ್ದು ಹೇಳೋಕೆ ಬರ್ತೀರಿ, ದಯವಿಟ್ಟು ಬೇಡ.

ಆರೋಗ್ಯಭಾಗ್ಯ: ನಾನೇನೂ ಹೇಳಲ್ಲಪ್ಪ.

ಹಳೇ ಫೌಜಿ: ಬರೆದು ಕೊಟ್ಟ ಮೇಲೆ ಆ ಹುಡುಗನ ವಾರ್ಷಿಕ ವರದಿ ಬರೆಯುವವರು ಯಾರು? ಅದನ್ನು ಹೇಳಿ ಮೇಡಂ. ಧೈರ್ಯ ಹೇಳೋದು ಸುಲಭ.

ವಿಂಕೊ ಮೇಡಂ: ಸುಲಭ ಅಂತ ನಾನು ಹೇಳಿಲ್ಲ. ಪೋಲೆಂಡಿನ ಪೈಲಟ್‌ಗೆ ಏನಾಯಿತು ಅಂತ ಬರೆದಿದ್ದು ಅದಕ್ಕೇ. ಮೌಖಿಕವಾಗಿ ಹೇಳಿದರೆ ಅವನೊಬ್ಬನೇ ಸಿಕ್ಕಿಬೀಳುತ್ತಾನೆ. ಬರವಣಿಗೆಯಲ್ಲಿ ಇದ್ದರೆ, ನಂತರ ಬಂದ ಕೆಟ್ಟ ವಾರ್ಷಿಕ ವರದಿಗೂ ಉತ್ತರ ಕೇಳಬಹುದು. ಪೂರ್ತಿ ರಕ್ಷಣೆ ಅಲ್ಲ, ಇರುವುದು ಇಷ್ಟು.

ಅಕ್ಕ, ಇನ್ನೊಂದು ಕೆಲಸ ಮಾಡಿ. ನಿಮ್ಮ ಪ್ರೊಫೈಲ್ ಚಿತ್ರದಲ್ಲಿ ತಮ್ಮ ಸಮವಸ್ತ್ರದಲ್ಲಿ ನಿಂತಿದ್ದಾನೆ, ಎದೆ ಮೇಲಿನ ಹೆಸರು ಓದೋಕೆ ಆಗ್ತಿದೆ. ಮೊದಲು ಅದನ್ನು ತೆಗೀರಿ.

ಪುಟ್ಟನ ಅಕ್ಕ: ಅಯ್ಯೋ. ತೆಗೆದೆ ಮೇಡಂ. ಪೋಸ್ಟೂ ಅಳಿಸಲಾ?

ವಿಂಕೊ ಮೇಡಂ: ಅದು ಇರಲಿ. ಅದರಲ್ಲಿ ಊರು, ದಿನ, ದಳ ಯಾವುದೂ ಇಲ್ಲ.

ಅಡ್ಮಿನ್: ಇನ್ನೂ ಒಂಬತ್ತು ಪ್ರಶ್ನೆ ಬಾಕಿ ಇವೆ ಮೇಡಂ, ಬಹುಪಾಲು ಸಂಬಳದ್ದು. ಮುಂದುವರಿಸಲಾ?

ವಿಂಕೊ ಮೇಡಂ: ಸಂಬಳಕ್ಕೆ ನೇಮಕಾತಿ ಜಾಹೀರಾತು ನೋಡಲಿ. ಇಜೆಕ್ಷನ್ ಪ್ರಶ್ನೆ ಚೆನ್ನಾಗಿದೆ, ಆದರೆ ನಾನು ಫೈಟರ್ ಹಾರಿಸಿದವಳಲ್ಲ, ಹಾರಿಸಿದವರನ್ನು ಕರೆಸಿ. ನಾನು ಹೊರಟೆ.

ಕೆಡೆಟ್ ಕನಸು: ಮೇಡಂ ಕನ್ನಡಕ?